ತಿರುಗುವ ಬೀಜ

ಎರಡು ವರ್ಷ ನಾನು ಊರ ತುಂಬ ತಪ್ಪು ಹೇಳಿಕೊಂಡು ತಿರುಗಿದೆ. ಬೇಕಂತ ಹೇಳಿದ್ದಲ್ಲ, ನನಗೆ ತಿಳಿದದ್ದೇ ಹಾಗೆ. ನಮ್ಮ ಮೊಮ್ಮಗಳು ಧಾರವಾಡದಲ್ಲಿ ಎಂಎಸ್ಸಿ ಮುಗಿಸಿ ಅಲ್ಲೇ ಪಿಎಚ್‌ಡಿಗೆ ಸೇರಿದಳು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ಬಸ್ಸು ಹತ್ತಿಸುವಾಗ, "ಏನ ಓದಾಕತ್ತೀಯವಾ, ಮಂದಿ ಕೇಳ್ತಾರ" ಎಂದೆ. ಬಸ್ಸು ಹೊರಟೇ ಬಿಟ್ಟಿತ್ತು. ಅವಳು ಕಿಟಕಿಯಿಂದ ತಲೆ ಹೊರಹಾಕಿ, "ಪರಮಾಣು ಬೀಜ ಹ್ಯಾಂಗ ತಿರಗತೈತಿ ಅನ್ನೂದು, ಆಯಿ" ಎಂದು ಕೂಗಿ ಕೈ ಬೀಸಿದಳು.

ನಾನು ಶಿರೋಳದಲ್ಲಿ ಮೂರನೆಯ ಇಯತ್ತೆ ತನಕ ಕಲಿತವಳು. ನರಗುಂದಕ್ಕೆ ಸೊಸೆಯಾಗಿ ಬಂದು ಐವತ್ತು ವರ್ಷ ಹೊಲಮನೆ ನೋಡಿದವಳು. ಬೀಜ ಅಂದರೆ ನನಗೆ ಗೊತ್ತಿರುವುದು ಕಡಲೆ, ಹತ್ತಿ, ಗೋವಿನಜೋಳ, ಸೂರ್ಯಕಾಂತಿ. ಅವು ತಿರುಗುವುದೂ ನನಗೆ ಗೊತ್ತು. ಬಿತ್ತುವ ಮುಂಚೆ ಬೀಜಕ್ಕೆ ಔಷಧದ ಪುಡಿ ಹತ್ತಲಿ ಅಂತ ಹಿಡಿಕೆಯ ಡ್ರಮ್ಮಿನೊಳಗೆ ಹಾಕಿ ಗರಗರ ತಿರುಗಿಸುತ್ತಾರೆ. ಓಹೋ, ಇವಳು ಅದನ್ನೇ ಓದುತ್ತಾಳೆ ಅಂದುಕೊಂಡೆ. ಪರಮಾಣು ಅಂದರೆ ಹೊಸ ತಳಿಯ ಹೆಸರು ಇರಬೇಕು. ಆಗ ಹತ್ತಿ ಬೀಜದ ಪಾಕೀಟಿನ ಮೇಲೆ ವರ್ಷಕ್ಕೊಂದು ಹೊಸ ಹೆಸರು ಬರುತ್ತಿತ್ತು, ಅದರಲ್ಲಿ ಇದೂ ಒಂದು. ಧಾರವಾಡದ ಹೆಸರು ಹೇಳಿದರೆ ನಮ್ಮ ಕಡೆಯ ರೈತರಿಗೆ ಮೊದಲು ನೆನಪಾಗುವುದು ಬೀಜ, ಗೊಬ್ಬರದ ಕಾಲೇಜು. ಹಾಗಾಗಿ ನನ್ನ ಮಾತನ್ನು ಯಾರೂ ಅನುಮಾನಿಸಲಿಲ್ಲ.

ನನ್ನ ಎದೆ ಉಬ್ಬಿತ್ತು. ಕಟ್ಟೆಯ ಮೇಲೆ, ಹಿಟ್ಟಿನ ಗಿರಣಿಯಲ್ಲಿ, ಎಲ್ಲಿ ಕೂತರೂ ಅದೇ ಸುದ್ದಿ. ಬಾಜೂ ಹೊಲದವನು ಒಂದು ಸಲ ನನ್ನನ್ನು ಹಾದಿಯಲ್ಲಿ ನಿಲ್ಲಿಸಿ ಕೇಳಿದ.

"ಯಮ್ಮಾ, ಆ ಪರಮಾಣು ಬೀಜ ಪ್ಯಾಟಿಗೆ ಎಂದ ಬರತೈತ್ರಿ? ಎಕರೆಕ್ಕ ಎಷ್ಟ ಕಿಲೋ ಬೀಳತೈತಿ?"

"ಇನ್ನಾ ತಿರಗಸಾಕತ್ತಾರಪಾ. ತಿರಗೂದು ಮುಗೀಲಿ ತಡಿ."

"ಬಂದ ಕೂಡ್ಲೇ ನನಗೊಂದ ಚೀಲ ಹೇಳಿಡ್ರಿ ಮತ್ತ."

ಹೇಳಿಡುತ್ತೇನೆ ಎಂದೆ. ಖರೇ ಹೇಳಬೇಕೆಂದರೆ, ಇನ್ನೂ ನಾಲ್ಕು ಮಂದಿಗೆ ಹೀಗೇ ಮಾತು ಕೊಟ್ಟಿದ್ದೆ.

ಈ ಸುದ್ದಿ ಗಜೇಂದ್ರಗಡದ ತನಕ ಹೋಯಿತು. ಅಲ್ಲಿ ಬೀಜ, ಗೊಬ್ಬರದ ದೊಡ್ಡ ಅಂಗಡಿ ಇಟ್ಟುಕೊಂಡ ಒಬ್ಬ ಸಾವುಕಾರರು ಮಗನಿಗೆ ಕನ್ಯೆ ನೋಡುತ್ತಿದ್ದರು. ರೋಣದಲ್ಲಿರುವ ನಮ್ಮ ಬೀಗರೊಬ್ಬರು ನಡುವೆ ನಿಂತು ಮಾತು ತಂದರು. ಬೀಜದ ಮೇಲೆ ಡಾಕ್ಟರ್ ಆಗುವ ಹುಡುಗಿ, ಬೀಜದ ಅಂಗಡಿಯ ಮನೆ, ದೇವರೇ ಕೂಡಿಸಿದ ಜೋಡಿ ಎಂದರು. ನನ್ನ ಮಗನಿಗೆ, ಅಂದರೆ ಹುಡುಗಿಯ ಅಪ್ಪನಿಗೆ, ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಳ್ಳೆಯ ಮಂದಿ, ಹುಡುಗನೂ ಚಲೋ ಇದ್ದ. ಹಿಂಗಾರಿ ಬಿತ್ತನೆಯ ಒಳಗೆ ಲಗ್ನ ಆಗಬೇಕು, ಕಡಲೆ ಬೀಜ ಮಾರುವ ದಿನಗಳಲ್ಲಿ ಸೊಸೆ ಅಂಗಡಿಯಲ್ಲಿ ಕೂತು ರೈತರಿಗೆ ತಿಳಿಸಿ ಹೇಳಬೇಕು ಅನ್ನುವುದು ಸಾವುಕಾರರ ಆಸೆ. ಪಂಚಮಿ ಮುಗಿದ ಮರುದಿನ ಹುಡುಗಿ ನೋಡಲು ಬರುತ್ತೇವೆ ಎಂದು ಹೇಳಿ ಕಳಿಸಿದರು.

ಮೊಮ್ಮಗಳು ಪಂಚಮಿಗೆ ಬಂದಳು. ಹಬ್ಬದ ಹಿಂದಿನ ದಿನ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ, ಅವಳು ಪಕ್ಕದಲ್ಲಿ ಕೂತು ಸೌತಿಕಾಯಿ ಹೆಚ್ಚುತ್ತಿದ್ದಳು. ಆಗ ಗಜೇಂದ್ರಗಡದ ಮಾತು ತೆಗೆದೆ. ನೀನು ಓದಿದ ಓದು ಆ ಮನೆಯಲ್ಲಿ ಹಾಳಾಗುವುದಿಲ್ಲ, ಕೈಯಲ್ಲಿ ಬೀಜ ಹಿಡಿದೇ ಇರುತ್ತೀ ಎಂದೆ. ಅವಳು ಈಳಿಗೆ ಬಿಟ್ಟು ನನ್ನ ಮುಖ ನೋಡಿದಳು. ಮೊದಲು ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನೋಡುತ್ತೇನೆ, ಕಣ್ಣಲ್ಲಿ ನೀರು.

"ಆಯಿ, ಅದು ಬಿತ್ತೂ ಬೀಜ ಅಲ್ಲ."

"ಮತ್ತ?"

ಅವಳು ಪರಾತದಿಂದ ಒಂದು ಚಿಟಿಕೆ ಹಿಟ್ಟು ತೆಗೆದಳು. "ಈ ಹಿಟ್ಟಿಂದು ಒಂದ ಕಣ ತಗೋ. ಅದನ್ನ ಒಡಕೋತ ಒಡಕೋತ ಹೋದ್ರ ಕಡೀಕ ಉಳಿಯೂದು ಪರಮಾಣು. ಅದರ ನಟ್ಟನಡುವ ಒಂದು ಗಟ್ಟಿ ಗುಳಿಗಿ ಇರತೈತಿ. ಅದಕ್ಕ ಬೀಜ ಅಂತೀವಿ."

"ನಾಟತೈತೇನು?"

"ಇಲ್ಲ."

"ನಾಟಲಾರದ್ದಕ್ಕ ಬೀಜ ಅಂತ ಯಾಕ ಅಂದ್ರು?"

"ನಡುವ ಐತೆಲ್ಲಾ, ಅದಕ್ಕ."

ನನಗೆ ಸಿಟ್ಟು ಬಂತು. ಹೆಸರು ಇಟ್ಟವರು ಒಂದು ಸಲ ರೈತರ ಮನೆಯಲ್ಲಿ ಕೇಳಿ ಇಡಬಾರದಿತ್ತೇ? ಆದರೂ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, "ಆತು, ತಿರಗೂದು ಹೇಳು" ಎಂದೆ. ತಿಳಿಯದೆ ಎರಡು ವರ್ಷ ಮಾತಾಡಿದ್ದೆ, ಈಗ ತಿಳಿದುಕೊಂಡೇ ಏಳಬೇಕು ಅನ್ನಿಸಿತು.

ಅವಳು ನೆಲದ ಮೇಲೆ ಒಂದು ನಿಂಬೆಹಣ್ಣು ತಿರುಗಿಸಿದಳು, ಒಂದು ಸೌತಿಕಾಯಿ ತಿರುಗಿಸಿದಳು. ಗುಂಡಗಿದ್ದ ಬೀಜ ತಿರುಗಿದರೆ ತಿರುಗಿದ್ದೇ ಗೊತ್ತಾಗುವುದಿಲ್ಲವಂತೆ, ಎಲ್ಲ ಕಡೆಯಿಂದಲೂ ಒಂದೇ ಕಾಣುತ್ತದಲ್ಲ. ಕೆಲವು ಮಾತ್ರ ಸೌತಿಕಾಯಿಯ ಹಾಗೆ ಉದ್ದ ಇರುತ್ತವೆ. ಅವು ತಿರುಗಿದ್ದು ಲೆಕ್ಕಕ್ಕೆ ಸಿಗುತ್ತದೆ. ದಿಲ್ಲಿಯಲ್ಲಿ ಒಂದು ಯಂತ್ರ ಇದೆ. ಅದರೊಳಗೆ ಒಂದು ಬೀಜವನ್ನು ಜೋರಾಗಿ ಓಡಿಸಿಕೊಂಡು ಬಂದು ಇನ್ನೊಂದರ ಬದಿಗೆ ತಾಗಿಸುತ್ತಾರೆ. ಎರಡೂ ಕೂಡಿ ಒಂದೇ ಆಗಿ, ಕಾದು, ಹುಚ್ಚು ಹಿಡಿದ ಹಾಗೆ ತಿರುಗುತ್ತವೆ.

"ಆಮ್ಯಾಲೆ ಸುಮ್ನ ಆಗಬೇಕಲ್ಲ, ಆಯಿ. ಒಮ್ಮಿಗೇ ನಿಂದ್ರೂದಿಲ್ಲ. ಒಂದೊಂದ ಮೆಟ್ಟಲಾ ಇಳಕೋತ ಬರತೈತಿ. ಮೆಟ್ಟಲಿಗೊಂದು ಬೆಳಕು ಒಗೀತೈತಿ. ಕಣ್ಣಿಗೆ ಕಾಣೂ ಬೆಳಕಲ್ಲ. ನಾವು ಸುತ್ತಲೂ ಅದನ್ನ ಹಿಡಿಯೂ ಡಬ್ಬಿ ಇಟ್ಟಿರ್ತೀವಿ."

ಚೀಲದಿಂದ ಒಂದು ಹಾಳೆ ತಂದು ಹರವಿದಳು. ಕೆಳಗೆ ಒಂದು ಅಡ್ಡಗೆರೆ. ಅದರ ಮೇಲೆ ಸಾಲಾಗಿ ಎದ್ದು ನಿಂತ ಚೂಪು ಗೆರೆಗಳು, ಒಂದರಿಂದ ಒಂದಕ್ಕೆ ಅಷ್ಟಷ್ಟೇ ಜಾಗ.

"ಹಣಗಿ ಹಲ್ಲ ಇದ್ದಂಗ ಅದಾವಲ್ಲ" ಎಂದೆ.

ಅವಳು ನನ್ನ ಗಲ್ಲ ಹಿಡಿದಳು. "ನಮ್ಮ ಸರ್‌ಗೆ ಹೇಳ್ತೀನಿ ತಡಿ. ಖರೇನ ಹಣಗಿನ. ಒಂದೊಂದ ಹಲ್ಲು ಒಂದೊಂದ ಮೆಟ್ಟಲಾ. ಹಲ್ಲಿನ ನಡುವಿನ ಜಾಗ ಸಮ ಇದ್ರ ಬೀಜ ಚಂದಾಗಿ ಒಂದ ಲಯಕ್ಕ ತಿರಗಾಕತ್ತೈತಿ ಅಂತ ಅರ್ಥ. ಆದ್ರ ನನ್ನ ಹಣಗಿ ಇಲ್ಲಿ ಮುರದೈತಿ ನೋಡು."

ಬಲಗಡೆ ತುದಿಯಲ್ಲಿ ಗೆರೆಗಳು ಕೂದಲು ಸಿಕ್ಕು ಬಿದ್ದ ಹಾಗೆ ಗೋಜಲಾಗಿದ್ದವು. ಅಲ್ಲಿಯೇ ಅವಳ ಎರಡು ವರ್ಷ ಸಿಕ್ಕಿಕೊಂಡಿತ್ತು. ಮುಂದಿನ ಹಲ್ಲು ಎಂದಿನಂತೆ ಮುಂದೆ ನಿಂತಿದೆಯೋ, ಹಿಂದಕ್ಕೆ ಸರಿದು ನಿಂತಿದೆಯೋ ಗೊತ್ತಾಗಬೇಕಿತ್ತು. ಹಿಂದಕ್ಕೆ ಸರಿದಿದ್ದರೆ ಬೀಜದ ಒಳಗೆ ಒಂದು ಜೋಡಿ ಬಿಚ್ಚಿದೆ ಎಂದು ಅರ್ಥವಂತೆ.

ಜೋಡಿ ಅಂದರೆ ಏನು ಅನ್ನುವುದು ನನ್ನ ತಲೆಗೆ ಹತ್ತಲಿಲ್ಲ. ಅವಳು ಎದ್ದು ನಿಂತು ನನ್ನನ್ನೂ ಎಬ್ಬಿಸಿದಳು. ಕೈ ಅಡ್ಡಡ್ಡ ಹಿಡಿಸಿ, ಪಾದಕ್ಕೆ ಪಾದ ಹಚ್ಚಿಸಿ, ಫುಗಡಿ ಆಡುವ ಹಾಗೆ ನಿಲ್ಲಿಸಿದಳು. ನನ್ನ ಕೈಯೆಲ್ಲ ಹಿಟ್ಟು. ಪಂಚಮಿ ಬಂದರೆ ನಾವು ಶಿರೋಳದಲ್ಲಿ ಕಣ್ಣು ಕತ್ತಲೆ ಬರುವ ತನಕ ಗಿರಗಿರ ತಿರುಗಿ ಆಡಿದ ಆಟ ಅದು.

"ಅಂಗಳದಾಗ ಹುಡಿಗ್ಯಾರೆಲ್ಲಾ ಕೈ ಹಿಡಕೊಂಡು ಒಂದ ದೊಡ್ಡ ಸುತ್ತು ಓಡಾಕತ್ತಾರ ಅನ್ಕೋ. ಆ ಸುತ್ತಿನೊಳಗ ಇಬ್ಬರು ಅದಾರ. ಒಬ್ಬಾಕಿ ಹಿಂಗ ಜಗ್ಗಿದ್ರ ಇನ್ನೊಬ್ಬಾಕಿ ಹಂಗ ಜಗ್ಗತಾಳ. ಇಬ್ಬರದೂ ಸರಿಗೆ ಸರಿ ಆಗಿ ಸುತ್ತಿಗೆ ಅವರಿಂದ ಏನೂ ಕೂಡೂದಿಲ್ಲ, ಏನೂ ಕಳಿಯೂದಿಲ್ಲ. ಅದ ಜೋಡಿ. ಸುತ್ತು ಜೋರ ಆತು, ಇನ್ನಾ ಜೋರ ಆತು. ಅಷ್ಟ ಜೋರಿನಾಗ ಆ ಇಬ್ಬರಿಗೆ ಒಬ್ಬರನ್ನೊಬ್ಬರು ಹಿಡಕೊಂಡ ಇರಾಕ ಆಗೂದಿಲ್ಲ. ಕೈ ಬಿಡ್ತಾರ."

"ಬಿದ್ದ ಮಾರಿ ಒಡಕೋತಾರ."

"ಬೀಳೂದಿಲ್ಲ. ಇಬ್ಬರೂ ಸುತ್ತು ಹೊಂಟ ದಿಕ್ಕಿಗೇ ಓಡ್ತಾರ. ಅವರ ಓಟಾನೂ ಕೂಡಿತಲ್ಲ, ಉಳದವರಿಗೆ ಅಷ್ಟ ಜೋರ ಓಡೂದು ಬೇಕಾಗೂದಿಲ್ಲ. ತಿರಗಿದ ಒಟ್ಟು ಲೆಕ್ಕ ಹೆಚ್ಚ ಆಗತೈತಿ, ಆದ್ರ ಸುತ್ತು ನಿಧಾನ ಆಗತೈತಿ. ಆಗ ನನ್ನ ಹಣಗಿ ಹಲ್ಲು ಹಿಂದಕ ಬರತೈತಿ."

ಹೇಳಿದರೆ ನಂಬಬೇಕು, ನನಗೆ ತಿಳಿಯಿತು. ಮೂರನೆಯ ಇಯತ್ತೆಯವಳಿಗೆ ತಿಳಿಯಿತು. ಹಂಚಿನ ಮೇಲೆ ರೊಟ್ಟಿ ಕರಕಲಾದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

"ಹಲ್ಲು ಯಾವಾಗ ಕಾಣತೈತಿ ಹಂಗಾರ?"

"ದಿಲ್ಲಿ ಯಂತ್ರದ ಮ್ಯಾಲೆ ನಮಗ ಐದ ದಿನ ಕೊಟ್ಟಾರ, ಪಂಚಮಿ ಆಗಿ ಹದಿನೈದ ದಿನಕ್ಕ. ದೇಶದ ಮಂದಿ ಎಲ್ಲಾ ಸರತಿ ಹಚ್ಚಿ ನಿಂತಾರ. ಇದು ತಪ್ಪಿದ್ರ ಮತ್ತ ಒಂದೂವರಿ ವರ್ಷ. ಅಷ್ಟರಾಗ ನನ್ನ ಪಿಎಚ್‌ಡಿ ವ್ಯಾಳ್ಯಾನ ಮುಗೀತೈತಿ. ಹಣಗಿ ಮುರದದ್ದು ಮುರದಂಗ ಉಳೀತೈತಿ, ಆಯಿ."

ಗಜೇಂದ್ರಗಡದವರು ನಿಶ್ಚಯಕ್ಕೆ ಕೇಳಿದ್ದು ಅದೇ ವಾರ.

ಅವತ್ತು ಸಂಜೆ ಮಗನಿಗೆ ಎಲ್ಲ ಹೇಳಲು ಹೋದೆ. ಅವನು ನಾಲ್ಕು ಮಾತಿನ ಮೇಲೆ ಕೇಳಲಿಲ್ಲ. "ಅವ್ವಾ, ಬೀಜ ಅಂತ ಊರಿಗೆಲ್ಲಾ ಡಂಗುರಾ ಹೊಡದಾಕಿ ನೀನ. ಈಗ ಆ ಬೀಜ ಅಲ್ಲ ಅಂದ್ರ ಮಂದಿ ಮಾರಿಗೆ ಏನ ಹೇಳ್ಲಿ? ನಾಡಿದ್ದ ಒಂದ ದಿನ ಸುಮ್ನ ಇದ್ದ ಬಿಡು. ನಿಶ್ಚಯ ಆದ ಮ್ಯಾಲೆ ನಾನ ಸವಕಾಶ ತಿಳಿಸಿ ಹೇಳ್ತೀನಿ" ಎಂದ. ಮಗಳ ಮೇಲೆ ಅವನಿಗೆ ಪ್ರೀತಿ ಇಲ್ಲ ಅಂತಲ್ಲ. ಒಳ್ಳೆಯ ಮನೆ ಕೈ ತಪ್ಪುತ್ತದೆ ಅನ್ನುವ ಹೆದರಿಕೆ, ಅಷ್ಟೇ.

ಹೇಳಿದ ದಿನ ಸಾವುಕಾರರು ಹೆಂಡತಿಯನ್ನು ಕರೆದುಕೊಂಡು ಬಂದರು. ನನ್ನ ಸೊಸೆ, ಹುಡುಗಿಯ ಅವ್ವ, ಉಪ್ಪಿಟ್ಟು ಕೊಟ್ಟಳು, ಪಂಚಮಿಯ ಶೇಂಗಾ ಉಂಡಿ ಕೊಟ್ಟಳು. ಮೊಮ್ಮಗಳು ಚಹಾ ತಂದು ಇಟ್ಟು ಜಮಖಾನೆಯ ಮೇಲೆ ಕೂತಳು. ಸಾವುಕಾರರು ಹೆಸರು ಕೇಳಲಿಲ್ಲ, ಅಡಿಗೆ ಬರುತ್ತದೋ ಕೇಳಲಿಲ್ಲ. ಅಂಗಿಯ ಕಿಸೆಯಿಂದ ಮೂರು ಕಾಗದದ ಪುಡಿಕೆ ತೆಗೆದು ಅವಳ ಮುಂದೆ ಬಿಚ್ಚಿಟ್ಟರು. ಮೂರರಲ್ಲೂ ಕಡಲೆ.

"ತಂಗೀ, ಇದರಾಗ ಯಾವುದು ನೀರ ಕಡಿಮಿ ಆದ್ರೂ ನಿಂದ್ರತೈತಿ, ಹೇಳು ನೋಡೂಣು. ಪರೀಕ್ಷಾ ಅಲ್ಲ ಮತ್ತ, ಸಹಜ ಕೇಳ್ತೀನಿ."

ಅವಳು ಕಡಲೆ ನೋಡಿದಳು, ಅಪ್ಪನನ್ನು ನೋಡಿದಳು. ಅಪ್ಪ ತಟ್ಟೆ ನೋಡುತ್ತಿದ್ದ.

"ನನಗ ಗೊತ್ತಿಲ್ಲರಿ" ಎಂದಳು.

ನನ್ನ ನಾಲಿಗೆ ತಡೆಯಲಿಲ್ಲ.

"ಸಾವ್ಕಾರ್ರ, ತಪ್ಪು ನಂದು. ಇಕಿ ಓದೂದು ನಿಮ್ಮ ಅಂಗಡ್ಯಾಗಿನ ಬೀಜ ಅಲ್ಲ. ಇದು ಪರಮಾಣು ನಡುವಿಂದು. ನಾ ತಿಳೀಲಾರದ ಊರ ತುಂಬ ಹೇಳಿ ಕುಂತೆ."

ಮುಚ್ಚಿಟ್ಟು ಪ್ರಯೋಜನ ಇಲ್ಲ ಅಂತ ಎಲ್ಲ ಹೇಳಿದೆ. ಸೌತಿಕಾಯಿ ಹೇಳಿದೆ, ಮೆಟ್ಟಿಲು ಹೇಳಿದೆ, ಹಣಿಗೆ ಹೇಳಿದೆ, ಫುಗಡಿ ಹೇಳಿದೆ. ತಪ್ಪಿದಲ್ಲಿ ಮೊಮ್ಮಗಳು ತಿದ್ದಿದಳು. ಸಾವುಕಾರರು ಚಹಾದ ಕಪ್ಪು ಹಿಡಿದುಕೊಂಡೇ ಕೇಳಿದರು. ಕೊನೆಗೆ ನಿಧಾನವಾಗಿ ಅಂದರು:

"ಕಣ್ಣಿಗೆ ಕಾಣೂದಿಲ್ಲ. ಬಿತ್ತಿದ್ರ ನಾಟೂದಿಲ್ಲ. ಮಾರಾಕೂ ಬರೂದಿಲ್ಲ. ಇಂಥಾ ಬೀಜ ನಾ ಈ ಧಂದೆದಾಗ ಕೇಳಿದ್ದ ಇಲ್ಲ ಬಿಡ್ರಿ ಯಮ್ಮಾರ."

ಅವರ ಹೆಂಡತಿ ಅಷ್ಟೊತ್ತೂ ಬಾಯಿ ಬಿಟ್ಟಿರಲಿಲ್ಲ. ಈಗ ಸ್ವಲ್ಪ ಮುಂದೆ ಸರಿದು, "ಯಕ್ಕಾರ, ಕೈ ಬಿಟ್ಟ ಆ ಇಬ್ಬರು ಕೂಡೇ ಕೈ ಬಿಡ್ತಾರೋ, ಒಬ್ಬಾಕಿ ಮೊದಲ ಬಿಡ್ತಾಳೋ?" ಎಂದು ಕೇಳಿದರು.

"ಬಿಟ್ರ ಇಬ್ಬರೂ ಕೂಡೇ ಬಿಟ್ಟಂಗ ಅಲ್ಲೇನ್ರಿ, ಅತ್ತಿ" ಎಂದು ಮೊಮ್ಮಗಳು ನಕ್ಕಳು. ಆಯಮ್ಮ ಹೌದೌದು ಎಂದು ತಲೆ ಆಡಿಸಿದರು. ಗಂಡ ಅವರನ್ನು ಹೊಸಬರನ್ನು ನೋಡಿದ ಹಾಗೆ ನೋಡಿದರು.

ಸಾವುಕಾರರು ದೊಡ್ಡ ಮನಸ್ಸಿನವರು, ಸುಳ್ಳು ಹೇಳಬಾರದು. ಪುಡಿಕೆ ಕಟ್ಟುತ್ತಾ, "ಹೋಗ್ಲಿ ಬಿಡ್ರಿ. ಹುಡುಗಿ ಶಾಣ್ಯಾಕಿ ಅದಾಳ. ಬಿತ್ತೂ ಬೀಜದ್ದು ನಾ ಎರಡ ತಿಂಗಳದಾಗ ಕಲಿಸ್ತೀನಿ. ದಿಲ್ಲಿ ಒಂದ ಬಿಡ್ಲಿ. ಹೇಳಿದ ವಾರಕ್ಕ ನಿಶ್ಚಯ, ಹಿಂಗಾರಿಯೊಳಗ ಲಗ್ನ" ಎಂದರು.

ಮಗನಿಗೆ ಹೋದ ಜೀವ ಬಂತು. "ಆತ್ರಿ" ಎನ್ನಲು ಬಾಯಿ ತೆರೆದೇ ಬಿಟ್ಟಿದ್ದ. ಮೊಮ್ಮಗಳು ಕುತ್ತಿಗೆ ಬಗ್ಗಿಸಿ ಕೂತಿದ್ದಳು. ಒಂದು ಮಾತು ಹೊರಗೆ ಬಂದರೆ ಅವಳ ಹಣಿಗೆ ಮುರಿದ ಹಾಗೆಯೇ ಉಳಿಯುತ್ತಿತ್ತು.

"ತಮ್ಮಾ" ಎಂದು ಮಗನನ್ನು ಕರೆದೆ. "ನಿನ್ನ ತಂಗಿ ಲಗ್ನದ ದಿನ ನಮಗ ಕಾಲುವಿ ನೀರಿನ ಪಾಳಿ ಬಂದಿತ್ತು. ನೀ ಎಲ್ಲಿದ್ದಿ?"

ಅವನು ನನ್ನ ಮುಖ ನೋಡಿದ. ಕಾಲುವೆಯ ಕೆಳಗೆ ಹೊಲ ಇದ್ದವರಿಗೆ ಪಾಳಿ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಸರದಿಯ ಹೊತ್ತಿಗೆ ನಾವು ತೂಬಿನ ಹತ್ತಿರ ಇರದಿದ್ದರೆ ನೀರು ಮುಂದಿನ ಹೊಲಕ್ಕೆ ಹೋಗುತ್ತದೆ, ಮತ್ತೆ ಬರುವ ಹೊತ್ತಿಗೆ ಬೆಳೆ ಒಣಗಿರುತ್ತದೆ. ಅವತ್ತು ಇವನು ಹಂದರದಲ್ಲಿ ಬೀಗರನ್ನು ಬಿಟ್ಟು ಹೊಲಕ್ಕೆ ಓಡಿ ಹೋಗಿದ್ದ. ನೀರು ಕಟ್ಟಿ, ಮೊಳಕಾಲ ತನಕ ಕೆಸರು ಮೆತ್ತಿಕೊಂಡೇ ಬಂದು ತಂಗಿಯ ಮೇಲೆ ಅಕ್ಕಿಕಾಳು ಹಾಕಿದ್ದ. ಜಮಖಾನೆಯ ಮೇಲೆ ಅವನ ಹೆಜ್ಜೆ ಮೂಡಿದ್ದವು. ಆಗ ಯಾರೂ ಅವನನ್ನು ಬೈಯಲಿಲ್ಲ.

"ನೀ ಸ್ವಂತ ತಂಗಿ ಲಗ್ನಕ್ಕ ಪಾಳಿ ಬಿಡಲಿಲ್ಲ. ಇಕಿಗೆ ಈಗ ಬಂದಿದ್ದೂ ಪಾಳಿನ. ಐದ ದಿನ."

ಮನುಷ್ಯ ಒಳಗೊಳಗೇ ತಿರುವಿಕೊಳ್ಳುವುದು ಮುಖದ ಮೇಲೆ ಕಾಣುತ್ತದೆ, ಹೆತ್ತವಳಿಗಂತೂ ಕಂಡೇ ಕಾಣುತ್ತದೆ. ಆಮೇಲೆ ಸಾವುಕಾರರಿಗೆ ಕೈ ಮುಗಿದ.

"ಸಾವ್ಕಾರ್ರ, ಇಕಿ ಪಾಳಿ ಮುಗಿಸಿಕೊಂಡ ಬರ್ಲಿರಿ. ಓದೂನೂ ಮುಗೀಲಿ. ಅಲ್ಲೀತನಕ ನಿಮಗ ತಡೀರಿ ಅನ್ನಾಕ ನನಗ ಬಾಯಿ ಇಲ್ಲ."

"ನಮ್ಮ ಕಡೆ ಬೋರ್‌ವೆಲ್ಲು, ಗುಂಡಿ ಒತ್ತಿದ್ರ ನೀರು. ನಿಮ್ಮ ಪಾಳಿ ತ್ರಾಸ ನಮಗ ಗೊತ್ತಿಲ್ಲ" ಎಂದು ಸಾವುಕಾರರು ಎದ್ದರು. ಸಿಟ್ಟೇನೂ ಇರಲಿಲ್ಲ. ಆ ವರ್ಷವೇ ಅವರ ಹುಡುಗನಿಗೆ ಇಟಗಿ ಕಡೆಯ ಕನ್ಯೆ ಸಿಕ್ಕಿತು. ನಮಗೆ ಲಗ್ನಪತ್ರಿಕೆ ಬಂತು, ಹೋಗಿ ಉಂಡು ಬಂದೆವು. ಬಾಜೂ ಹೊಲದವನಿಗೆ ಮಾತ್ರ ಪರಮಾಣು ಬೀಜ ಬರುವುದಿಲ್ಲ ಎಂದು ತಿಳಿಸಿ ಹೇಳಲು ನನಗೆ ಒಂದು ಹಂಗಾಮೇ ಹಿಡಿಯಿತು.

ಮೊಮ್ಮಗಳು ದಿಲ್ಲಿಗೆ ಹೋದಳು. ಐದು ದಿನ ಯಂತ್ರ ಕೈ ಕೊಡಲಿಲ್ಲ. ಆದರೆ ಹಿಡಿದು ತಂದ ಬೆಳಕನ್ನು ಕಂಪ್ಯೂಟರಿನಲ್ಲಿ ಬಿಡಿಸುವುದೇ ದೊಡ್ಡ ಕೆಲಸವಂತೆ. ಕಡಲೆ ಬಿತ್ತಿದ್ದಾಯಿತು, ಎದ್ದದ್ದಾಯಿತು, ಸುದ್ದಿ ಇಲ್ಲ. ಕಡಲೆ ಕಿತ್ತು ರಾಶಿ ಮಾಡುವ ದಿನ ಮಗನ ಮೊಬೈಲು ಹೊಲದಲ್ಲಿ ಕೂಗಿತು. ಅವನು ಕಿವಿಗೆ ಹಿಡಿದು, ಏನೂ ತಿಳಿಯದೆ ನನ್ನ ಕೈಗೆ ಕೊಟ್ಟ.

"ಆಯಿ, ಹಲ್ಲು ಹಿಂದಕ ಬಂದೈತಿ" ಎಂದಳು.

ನಾನು ರಾಶಿಯ ಪಕ್ಕದಲ್ಲೇ ಕೂತುಬಿಟ್ಟೆ. ಅವಳು ಅತ್ತ ಮಾತಾಡುತ್ತಲೇ ಇದ್ದಳು, ನನಗೆ ಅರ್ಧ ಕೇಳಿಸಲಿಲ್ಲ. ಕೂಲಿಯ ಹೆಣ್ಣುಮಕ್ಕಳು ಯಾರಿಗೆ ಏನಾಯಿತೋ ಅಂತ ಗಾಬರಿಯಾಗಿ ಓಡಿ ಬಂದರು. ಏನೂ ಆಗಿಲ್ಲ, ಚಲೋದಾಗಿದೆ ಎಂದೆ. ಅವತ್ತು ಎಲ್ಲರಿಗೂ ಬೆಲ್ಲದ ಚಹಾ ಮಾಡಿಸಿದೆ.

ಅದಾಗಿ ಒಂದು ವರ್ಷಕ್ಕೆ ಧಾರವಾಡದಲ್ಲಿ ಅವಳ ಕೊನೆಯ ಪರೀಕ್ಷೆ. ಎಲ್ಲರ ಮುಂದೆ ನಿಂತು ಹೇಳಬೇಕು, ಹೊರರಾಜ್ಯದಿಂದ ಬಂದ ದೊಡ್ಡವರು ಪ್ರಶ್ನೆ ಕೇಳುತ್ತಾರೆ, ಮನೆಯವರೂ ಕೂರಬಹುದು. ನಾನೂ ಮಗನೂ ಹಿಂದಿನ ಬೆಂಚಿನ ಮೇಲೆ ಕೂತೆವು. ಮಾತೆಲ್ಲ ಇಂಗ್ಲಿಷಿನಲ್ಲಿ. ಆದರೆ ಗೋಡೆಯ ಮೇಲೆ ಹಣಿಗೆಯ ಚಿತ್ರ ಬಂದಾಗ ನನಗೆ ಭಾಷೆ ಬೇಕಾಗಲಿಲ್ಲ. ಆಮೇಲೆ ಒಂದು ಗೆರೆ ಬಂತು. ಮೇಲೆ ಮೇಲೆ ಏರಿಕೊಂಡು ಹೋಗಿ, ಹಿಂದಕ್ಕೆ ಬಾಗಿ, ಮತ್ತೆ ಮುಂದಕ್ಕೆ ಹೊರಟ ಗೆರೆ. ಮಗನ ಮೊಳಕೈ ತಿವಿದು, "ಅಲ್ಲೇ ನೋಡು, ಜೋಡಿ ಬಿಟ್ಟಿದ್ದು" ಎಂದೆ.

ದೊಡ್ಡವರು ಕೇಳಿದ್ದಕ್ಕೆಲ್ಲ ಅವಳು ಉತ್ತರ ಕೊಟ್ಟಳು. ಆಮೇಲೆ ಅವಳ ಗುರುಗಳು ಕೂತ ಮಂದಿಯ ಕಡೆ ತಿರುಗಿ, ಯಾರಾದರೂ ಕೇಳುವುದಿದೆಯೇ ಎಂದು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಕೇಳಿದರು. ಯಾರೂ ಕೈ ಎತ್ತಲಿಲ್ಲ. ನನ್ನ ಕೈ ಎದ್ದಿತು. ಮಗ ಸೆರಗು ಜಗ್ಗಿದ.

"ಬಿಟ್ಟ ಜೋಡಿ ಮತ್ತ ಕೂಡ್ತಾವೋ ಇಲ್ಲೋ?" ಎಂದು ಕೇಳಿದೆ.

ಗುರುಗಳು ಹೊರಗಿನಿಂದ ಬಂದವರಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಅವರು ಕನ್ನಡಕ ತೆಗೆದು ನನ್ನ ಕಡೆ ನೋಡಿ, ಮೊಮ್ಮಗಳಿಗೆ ಉತ್ತರಿಸು ಎಂದು ಕೈ ಮಾಡಿದರು. ಅವಳು ಎಲ್ಲರ ಮುಂದೆ ಕನ್ನಡದಲ್ಲೇ ಹೇಳಿದಳು.

"ಕೂಡ್ತಾವು, ಆಯಿ. ತಿರಗೂ ಜೋರು ಇಳದಂಗ ಮತ್ತ ಜೋಡಿ ಆಗ್ತಾವು. ಖರೇ ಅಂದ್ರ ನಾವು ನೋಡೂದು ಅದನ್ನ. ಏರೂದು ಕಣ್ಣ ಮುಚ್ಚಿ ತೆಗಿಯೂದ್ರೊಳಗ ಆಗಿ ಹೋಗಿರತೈತಿ, ಯಾರಿಗೂ ಸಿಗೂದಿಲ್ಲ. ನಮಗ ಸಿಗೂದು ಇಳಿಯೂ ಮೆಟ್ಟಲಾ ಅಷ್ಟ."

ನಮ್ಮನ್ನೆಲ್ಲ ಹೊರಗೆ ಕಳಿಸಿ, ಸ್ವಲ್ಪ ಹೊತ್ತಿಗೆ ಮತ್ತೆ ಕರೆದರು. ಅವಳ ಹೆಸರಿನ ಹಿಂದೆ ಡಾಕ್ಟರ್ ಹಚ್ಚಿ ಕರೆದರು. ಮಂದಿ ಚಪ್ಪಾಳೆ ತಟ್ಟಿದರು, ನಾನು ಎಲ್ಲರಿಗಿಂತ ಜೋರಾಗಿ ತಟ್ಟಿದೆ. ಹೂವಿನ ಹಾರ ತಂದಿದ್ದೆವು, ಅದನ್ನು ಬೆಂಚಿನ ಮೇಲೇ ಮರೆತಿದ್ದೆವು. ಸೊಸೆಗೆ ಫೋನು ಮಾಡಿದರೆ ಅವಳು ಅತ್ತೇ ಬಿಟ್ಟಳು.

ಆ ಕಟ್ಟಡದ ಮೆಟ್ಟಿಲು ಎತ್ತರ. ಮಗ ನನ್ನ ರಟ್ಟೆ ಹಿಡಿದು ಇಳಿಸುತ್ತಿದ್ದ. ನಡುವೆ ಒಂದು ಕಡೆ ನಿಂತು, ಹಿಂದೆ ಯಾರಾದರೂ ಇದ್ದಾರೋ ಎಂದು ನೋಡಿ, ಸಣ್ಣ ದನಿಯಲ್ಲಿ ಕೇಳಿದ.

"ಅವ್ವಾ, ಜೋಡಿ ಬಿಟ್ಟ ಮ್ಯಾಲೆ ಸುತ್ತು ಯಾಕ ನಿಧಾನ ಆಗತೈತಿ? ನನಗ ಅಲ್ಲೇ ಹತ್ತಲಿಲ್ಲ. ಮೊದಲಿಂದ ಹೇಳು."

ಗೇಟಿನ ತನಕ ಹೇಳಿಕೊಂಡು ಹೋದೆ. ಈ ಸಲ ಅವನು ನಡುವೆ ಬಾಯಿ ಹಾಕಲಿಲ್ಲ.